ಇಂಗ್ಲೆಂಡಲ್ಲಿ 'ಕಾಲ್ ಫಾರ್ ಸೈಟ್ಸ್'ಗೆ ನಮ್ಮ ಜಾಗ ಕೊಟ್ರೆ ಮನೆ ಕಟ್ಟೋಕೆ ಪರ್ಮಿಷನ್ ಸಿಕ್ಕಂಗೇನಾ?

ಇಲ್ಲ, ಅದು ಬರೀ ನಮ್ಮ ಜಾಗ ಇದೆ ಅಂತ ತಿಳಿಸೋದು. ಕೌನ್ಸಿಲ್‌ನವರು (ಅಲ್ಲಿನ ಸ್ಥಳೀಯ ಆಡಳಿತ) ಲೋಕಲ್ ಪ್ಲಾನ್ (ಮುಂದಿನ ಹದಿನೈದು ವರ್ಷ ಎಲ್ಲೆಲ್ಲಿ ಏನು ಕಟ್ಟಬಹುದು ಅನ್ನೋ ಯೋಜನೆ, ನಮ್ಮ ಮಾಸ್ಟರ್ ಪ್ಲಾನ್ ತರ) ಮಾಡೋವಾಗ ಯಾರ ಹತ್ರ ಜಾಗ ಇದೆ ಹೇಳಿ ಅಂತ ಕೇಳ್ತಾರೆ, ನೀವು ನಕ್ಷೆ ಮೇಲೆ ಕೆಂಪು ಗೆರೆ ಹಾಕಿ ಕೊಡ್ತೀರ, ಅಷ್ಟೇ.

ಮತ್ತೆ ಯಾಕೆ ಕೊಡಬೇಕು ಅಂದ್ರೆ, 1947ರ ಪ್ಲಾನಿಂಗ್ ಕಾಯ್ದೆ ಬಂದಾಗಿಂದ ಅಲ್ಲಿ ಜಮೀನು ನಿಮ್ಮದಾದ್ರೂ ಅದರಲ್ಲಿ ಕಟ್ಟೋ ಹಕ್ಕು ತಾನಾಗೇ ಬರಲ್ಲ, ಪರ್ಮಿಷನ್ ತಗೋಬೇಕು, ಆ ಪರ್ಮಿಷನ್ ಕೊಡೋವಾಗ ಬಲವಾದ ಬೇರೆ ಕಾರಣ ಇಲ್ಲದಿದ್ರೆ ಪ್ಲಾನ್‌ನಲ್ಲಿ ಇದ್ದಂಗೇ ನಡೀಬೇಕು ಅಂತ ಕಾನೂನೇ ಇದೆ. ಅದಕ್ಕೇ ಪ್ಲಾನ್‌ನಲ್ಲಿ ನಿಮ್ಮ ಜಾಗ ವಸತಿಗೆ ಅಂತ ಗುರುತಾದ್ರೆ ಅರ್ಧ ಕೆಲಸ ಆದಂಗೆ, ಆಮೇಲೆ ಪರ್ಮಿಷನ್ ಅರ್ಜಿ ಬೇರೆ ಹಾಕ್ಲೇಬೇಕು.

ಕೌನ್ಸಿಲ್ ನೋಡೋದು ಜಾಗ ಮನೆಗೆ ಸೂಕ್ತನಾ (ನೆರೆ ಬರುತ್ತಾ, ರಸ್ತೆ ಇದ್ಯಾ, ಗ್ರೀನ್ ಬೆಲ್ಟಾ), ನಿಜವಾಗ್ಲೂ ಸಿಗುತ್ತಾ, ಕಟ್ಟಿದ್ರೆ ಖರ್ಚು ಗಿಟ್ಟುತ್ತಾ ಅಂತ. ಎರಡನೇದನ್ನ ಜನ ಹಗುರವಾಗಿ ತಗೋತಾರೆ, ಆದ್ರೆ ಅಣ್ಣತಮ್ಮಂದಿರ ತಕರಾರು, ಗೇಣಿಗೆ ಕೊಟ್ಟಿರೋ ರೈತ, ದಾರಿಗೆ ಪಕ್ಕದವರ ಜಾಗ ಬೇಕಾಗೋದು, ಇಂಥದ್ದಿದ್ರೆ ಎಷ್ಟು ಒಳ್ಳೆ ಜಾಗ ಆದ್ರೂ ಹಿಂದೆ ಬೀಳುತ್ತೆ. ಪಾಸಾದ್ರೂ ಆಯ್ಕೆ ಆಗುತ್ತೆ ಅಂತಿಲ್ಲ, ಜನರ ಅಭಿಪ್ರಾಯ ಕೇಳಿ ಸರ್ಕಾರದ ಇನ್‌ಸ್ಪೆಕ್ಟರ್ ಪರೀಕ್ಷೆ ಮಾಡಿದ ಮೇಲೇ ಪ್ಲಾನ್ ಪಕ್ಕಾ ಆಗೋದು, ಇದಕ್ಕೆ ವರ್ಷಗಳೇ ಹಿಡಿಯುತ್ತೆ. ಇನ್ನೊಂದು, ನೀವು ಕೊಟ್ಟ ಜಾಗದ ವಿವರ ಸಾಮಾನ್ಯವಾಗಿ ಎಲ್ಲರೂ ನೋಡೋ ಹಾಗೆ ಹಾಕ್ತಾರೆ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಬಿಡೋದು ವಾಸಿ.