ಪೊಟ್ಯಾಸಿಯಂ ಕಳೆಯದ ಮಾತ್ರೆ ಸಿಗುವುದೇ?

ಪ್ರಶ್ನೆ: ಅಮ್ಮನಿಗೆ ಹಾರ್ಟ್ ತೊಂದರೆ. ಕಾಲಿನ ಊತಕ್ಕೆ ಲ್ಯಾಸಿಕ್ಸ್ ಕೊಟ್ಟಿದ್ದಾರೆ. ಊತ ಇಳಿಯಿತು, ಆದರೆ ರಾತ್ರಿ ಮೀನಖಂಡ ಸೆಟೆದುಕೊಂಡು ಒದ್ದಾಡುತ್ತಾರೆ. ಪೊಟ್ಯಾಸಿಯಂ ಕಡಿಮೆಯಾಗಿದೆಯೆಂದು ಸಿರಪ್ ಬರೆದರು. ಆ ರುಚಿಗೆ ಅಮ್ಮ ಬಾಯಿಯೇ ತೆರೆಯುವುದಿಲ್ಲ. ನೀರನ್ನಷ್ಟೇ ಇಳಿಸುವ ಔಷಧಿ ಯಾರೂ ಹುಡುಕುತ್ತಿಲ್ಲವೇ, ಮೇಡಂ?
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಸಿರಪ್ಪಿನ ಮಾತು. ನನ್ನ ಅಪ್ಪನಿಗೂ ಅದನ್ನು ಕುಡಿಸಿದವಳು ನಾನು. ಊಟವಾದ ಮೇಲೆ, ದೊಡ್ಡ ಲೋಟ ತಣ್ಣೀರಿಗೆ ಬೆರೆಸಿ, ಗುಟುಕು ಗುಟುಕಾಗಿ ಕೊಡಿ. ನೀವಾಗಿಯೇ ನಿಲ್ಲಿಸಬೇಡಿ.

ಹುಡುಕಾಟ ನಡೆದಿದೆ. ಲ್ಯಾಸಿಕ್ಸ್ ಕಿಡ್ನಿಯ ನಳಿಕೆಯ ತಿರುವಿನಲ್ಲಿ ಉಪ್ಪು ರಕ್ತಕ್ಕೆ ಮರಳದಂತೆ ತಡೆಯುತ್ತದೆ; ಉಪ್ಪಿನ ಜೊತೆ ನೀರೂ ಮೂತ್ರವಾಗಿ ಹೋಗುತ್ತದೆ. ಆ ಉಪ್ಪು ನಳಿಕೆಯ ಕೊನೆಗೆ ಹರಿದಾಗ ಅಲ್ಲಿನ ಜೀವಕೋಶಗಳು ಸೋಡಿಯಂ ಒಳಗೆಳೆದುಕೊಂಡು ಪೊಟ್ಯಾಸಿಯಂ ಹೊರಬಿಡುತ್ತವೆ. ಅದು ಹೊರಬೀಳುವ ಒಂದು ಮುಖ್ಯ ಕಿಂಡಿ ರೋಮ್‌ಕೆ; ಇದರ ಜೀನ್ ಕೈಗೆ ಸಿಕ್ಕಿದ್ದು 1993ರಲ್ಲಿ. ಇದೇ ಕಿಂಡಿ ಆ ತಿರುವಿನಲ್ಲೂ ಇದೆ, ಅದಿಲ್ಲದೆ ಅಲ್ಲಿ ಉಪ್ಪಿನ ಸಾಗಾಟವೇ ನಡೆಯದು. ಹಾಗಾಗಿ ಇದನ್ನು ಮುಚ್ಚಿದರೆ ಉಪ್ಪು, ನೀರು ಹೋಗುತ್ತವೆ, ಪೊಟ್ಯಾಸಿಯಂ ಉಳಿಯುತ್ತದೆ ಎಂಬುದು ಎಣಿಕೆ. ಈ ಜೀನಿನ ಒಂದು ಪ್ರತಿ ಮಾತ್ರ ಕೆಟ್ಟವರಿಗೆ ಬಿಪಿ ಕಡಿಮೆ ಇರುವುದು 2008ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದವರಲ್ಲಿ ಕಂಡಿತು.

ಮರ್ಕ್ ಕಂಪನಿಯವರ ಕಥೆ ನನಗೆ ಬಹಳ ಇಷ್ಟ. ರಾಶಿ ರಾಶಿ ರಾಸಾಯನಿಕಗಳನ್ನು ಸೋಸುವಾಗ ಅವುಗಳಲ್ಲೊಂದು ರೋಮ್‌ಕೆಯನ್ನು ಮುಚ್ಚಿತು. ಶುದ್ಧಮಾಡಿ ನೋಡಿದರೆ, ಕೆಲಸ ಮಾಡಿದ್ದು ಅದಲ್ಲ, ಅದರಲ್ಲಿ ಕೊಳೆಯಂತೆ ಚೂರೇ ಚೂರು ಬೆರೆತಿದ್ದ ಬೇರೊಂದು ವಸ್ತು! ಅವರು ಅದನ್ನು ಎಸೆಯಲಿಲ್ಲ, ಬೆನ್ನುಹತ್ತಿದರು, 2012ರಲ್ಲಿ ಪ್ರಕಟಿಸಿದರು. ಪ್ರಯಾಸ ಮುಂದಿತ್ತು. ಹೃದಯದ ಬಡಿತ ಹದದಲ್ಲಿಡುವ ಹರ್ಗ್ ಎಂಬ ಪೊಟ್ಯಾಸಿಯಂ ಕಿಂಡಿಗೂ ಆ ವಸ್ತು ಅಂಟಿಕೊಂಡರೆ ಬಡಿತವೇ ತಪ್ಪೀತು. ಅಮ್ಮನಂಥವರಿಗೆ ಇದು ಸಣ್ಣ ಮಾತಲ್ಲ. ಅಣುವಿನ ತುದಿಗಳನ್ನು ಬದಲಿಸುತ್ತ ಹೋಗಿ ಅವರು ಎಂಕೆ-7145 ಮಾಡಿದರು. ಇಲಿಗಳಲ್ಲಿ ಬಿಪಿ ಇಳಿಯಿತು, ಪೊಟ್ಯಾಸಿಯಂ ಸೋರಲಿಲ್ಲ. ಮನುಷ್ಯರ ಮೇಲಿನ ಪರೀಕ್ಷೆಗೂ ಹೋಯಿತು. ಆದರೆ ಮೆಡಿಕಲ್ ಶಾಪಿಗೆ ಇನ್ನೂ ಬಂದಿಲ್ಲ.

ಇವತ್ತು ಕೈಗೆಟುಕುವವು ಅಮಿಲೋರೈಡ್ ಮತ್ತು ಸ್ಪೈರೊನೊಲ್ಯಾಕ್ಟೋನ್. ಅಮಿಲೋರೈಡ್ ನಳಿಕೆಯ ಕೊನೆಯ ಸೋಡಿಯಂ ಕಿಂಡಿ ಮುಚ್ಚುತ್ತದೆ. ಒಂಟಿಯಾಗಿ ಅದರ ಬಲ ಕಡಿಮೆ, ಲ್ಯಾಸಿಕ್ಸ್ ಜೊತೆ ಸೇರಿದರೆ ಪೊಟ್ಯಾಸಿಯಂ ಕಾಯುತ್ತದೆ. ಕಿಡ್ನಿ ಸೋತಿದ್ದರೆ, ಅಥವಾ ಸಿರಪ್ಪೂ ಜೊತೆಗಿದ್ದರೆ, ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್ ಹಿಡಿದುಕೊಂಡು ಹೋಗಿ, ಅಮ್ಮನ ಡಾಕ್ಟರನ್ನೇ ಇದರ ಬಗ್ಗೆ ಕೇಳಿ.