ಡ್ರಮ್ಮಿಗೆ ಜಂಗು ಎಲ್ಲಿಂದ ಹಿಡಿಯಿತು?

ನಮಸ್ಕಾರ.

ಸಿಮೆಂಟ್ ಕಾರ್ಖಾನೆಯ ಊರಾದ ವಾಡಿ ಜಂಕ್ಷನ್ನಿನ ಗೂಡ್ಸ್ ಯಾರ್ಡಿನ ಮಾದರಿಯನ್ನು ಎಚ್‌ಓ ಅಳತೆಯಲ್ಲಿ, ಅಂದರೆ ನಿಜದ 87ನೇ ಒಂದು ಪಾಲಿನ ಗಾತ್ರದಲ್ಲಿ (1:87), ಕಟ್ಟುತ್ತಿದ್ದೀರಿ. ಅದರೊಳಗಿನ ಆಯಿಲ್ ಡ್ರಮ್ಮು, ಹಾಲಿನ ಕ್ಯಾನು, ನಲ್ಲಿ, ಬೆಂಕಿ ಬಕೀಟುಗಳಿಗೆ ಬಣ್ಣ ಹಚ್ಚಿ, ಬಿಸಿಲು ಮಳೆ ತಿಂದ ಹಳೇ ಸಾಮಾನಿನಂತೆ ಮಾಡುವ ಬಗೆಯನ್ನು ಬರೆದು ಕಳಿಸಿದ್ದೀರಿ. ಭಾಷೆ ಸರಳವಾಗಿದೆ, ಫೋಟೊಗಳು ಸ್ಪಷ್ಟವಾಗಿವೆ. ಅಚ್ಚಿನ ಜಿಡ್ಡು ಹೋಗಲು ಬಿಡಿಭಾಗಗಳನ್ನು ಪಾತ್ರೆ ಸೋಪಿನ ನೀರಲ್ಲಿ ತೊಳೆಯಬೇಕು, ಲೋಹದ ಎರಕಕ್ಕೆ ಪ್ರೈಮರ್ ಇಲ್ಲದೆ ಬಣ್ಣ ಹಚ್ಚಿದರೆ ಸಿಪ್ಪೆ ಏಳುತ್ತದೆ ಎಂದದ್ದೂ ಸರಿ. ಆದರೆ ನಿಮ್ಮ ಮೂರನೇ ಪುಟ ಓದಿ ನನಗೆ ಸಿಟ್ಟು ಬಂತು. ಈ ಪತ್ರ ಪೂರ್ತಿ ಆ ಪುಟದ ಬಗ್ಗೆಯೇ.

ಅದರ ಮೊದಲ ಸಾಲು: "ಕಬ್ಬಿಣದ ಎಲ್ಲ ಸಾಮಾನಿಗೂ ಕಿತ್ತಳೆ ಬಣ್ಣ ಬಳಿದರೆ ಜಂಗು ಹಿಡಿದಂತೆ ಕಾಣುತ್ತದೆ."

ಕಾಣುವುದಿಲ್ಲ. ಕಿತ್ತಳೆ ಹೊಸ ಜಂಗಿನ ಬಣ್ಣ. ಹಳೇ ಜಂಗು ಕಡು ಕಂದು, ಕೆಲವೆಡೆ ಕಪ್ಪಿಗೇ ಹತ್ತಿರ. ನಿಮ್ಮ ಫೋಟೊದ ಆರೂ ಡ್ರಮ್ಮುಗಳು ಬುಡದಿಂದ ತುದಿಯವರೆಗೆ ಒಂದೇ ಬಣ್ಣದವು. ಡ್ರಮ್ಮಿಗೆ ಜಂಗು ಎಲ್ಲಿ ಹಿಡಿಯುತ್ತದೆ, ಯಾಕೆ ಅಲ್ಲೇ ಹಿಡಿಯುತ್ತದೆ ಎಂದು ಕೇಳಿಕೊಳ್ಳದೆ ಬ್ರಷ್ ಎತ್ತಿದ್ದೀರಿ. ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ಮುಚ್ಚಳದ ಮೇಲೆ, ಅಂಚಿನೊಳಗೆ, ಮಳೆನೀರು ನಿಲ್ಲುತ್ತದೆ. ಜಂಗು ಅಲ್ಲಿ ಹಿಡಿಯುತ್ತದೆ. ನೆಲದ ತೇವ ತಾಗುವ ತಳದ ಅಂಚಿಗೆ ಹಿಡಿಯುತ್ತದೆ. ಮೈಮೇಲಿನ ಎರಡು ಉಬ್ಬು ಬಳೆಗಳು ಡ್ರಮ್ಮು ಉರುಳಿಸುವಾಗ ನೆಲಕ್ಕೆ ತಿಕ್ಕಿ ಬಣ್ಣ ಕಳೆದುಕೊಳ್ಳುತ್ತವೆ, ಹಾಗಾಗಿ ಅವಕ್ಕೂ ಹಿಡಿಯುತ್ತದೆ. ಬಳೆಗಳ ನಡುವಿನ ಜಾಗದಲ್ಲಿ ಮೂಲ ಬಣ್ಣ ಬಹಳಷ್ಟು ಉಳಿದಿರುತ್ತದೆ, ಬಿಸಿಲಿಗೆ ಮಾಸಿರುತ್ತದೆ, ಅಷ್ಟೇ.

ಇದನ್ನು ಹೀಗೆ ಬರೆಯಿರಿ. ಡ್ರಮ್ಮಿನ ಬಣ್ಣ ನೀಲಿಯಾದರೆ ಮೂರು ಪಾಲು ನೀಲಿಗೆ ಒಂದು ಪಾಲು ತಿಳಿ ಬೂದು ಬೆರೆಸಿ ತೆಳ್ಳಗೆ ಎರಡು ಕೈ ಹಚ್ಚಬೇಕು. ಒಣಗಿದ ಮೇಲೆ ಪ್ಯಾಕಿಂಗ್ ಸ್ಪಂಜಿನ ಚೂರೊಂದನ್ನು ಹರಿದು (ಕತ್ತರಿಸಬಾರದು, ನೇರ ಅಂಚು ಕಾಣುತ್ತದೆ), ಕಡು ಕಂದು ಬಣ್ಣಕ್ಕೆ ತಾಗಿಸಿ, ಕಾಗದದ ಮೇಲೆ ಒತ್ತಿ ಒತ್ತಿ ಹೆಚ್ಚಿನದನ್ನು ಬಿಡಿಸಿ, ಆಮೇಲೆ ಬಳೆಗೂ ಅಂಚಿಗೂ ತಟ್ಟಬೇಕು. ಕೊನೆಗೆ ಕಿತ್ತಳೆ: ಒಂದು ಪಾಲು ಬಣ್ಣಕ್ಕೆ ಹತ್ತು ಪಾಲು ನೀರು, ಒಂದು ಹನಿ ಪಾತ್ರೆ ಸೋಪು, ಮುಚ್ಚಳದ ಅಂಚಿನೊಳಗೆ ಮಾತ್ರ. ಸೋಪು ಹಾಕದಿದ್ದರೆ ನೀರು ಗುಂಡಗೆ ಹನಿಗಟ್ಟಿ ನಿಂತು, ಒಣಗಿದ ಮೇಲೆ ಉಂಗುರದ ಕಲೆ ಉಳಿಯುತ್ತದೆ.

ಮುಂದಿನ ಸಾಲು: "ಅಲ್ಲಲ್ಲಿ ಸಣ್ಣ ಚುಕ್ಕೆ ಇಡಿ." ಸಣ್ಣ ಅಂದರೆ ಎಷ್ಟು? 200 ಲೀಟರಿನ ಡ್ರಮ್ಮು ನಿಜದಲ್ಲಿ ಸುಮಾರು 88 ಸೆಂ.ಮೀ. ಎತ್ತರ, ನಿಮ್ಮ ಮಾದರಿಯಲ್ಲಿ 1 ಸೆಂ.ಮೀ. ಅದರ ಮೇಲೆ ನೀವು ಬ್ರಷ್ಷಿನಿಂದ ಇಟ್ಟ 1 ಮಿ.ಮೀ. ಚುಕ್ಕೆ ನಿಜದಲ್ಲಿ 8.7 ಸೆಂ.ಮೀ., ಅಂದರೆ ಅಂಗೈ ಅಗಲದ ಕಲೆ. ಬಣ್ಣದ ಪದರಕ್ಕೂ ಇದೇ ಲೆಕ್ಕ. 0.1 ಮಿ.ಮೀ. ದಪ್ಪ ಬಳಿದರೆ ನಿಜ ಡ್ರಮ್ಮಿಗೆ ಸುಮಾರು 9 ಮಿ.ಮೀ. ಗಾರೆ ಮೆತ್ತಿದ ಲೆಕ್ಕವಾಗುತ್ತದೆ, ಬಳೆಗಳೆಲ್ಲ ಮುಚ್ಚಿಹೋಗುತ್ತವೆ. ಓದುವವರಿಗೆ ಈ ಗುಣಾಕಾರ ಮಾಡಿ ತೋರಿಸಿದರೆ ಸ್ಪಂಜು ಯಾಕೆ, ತೆಳು ಬಣ್ಣ ಯಾಕೆ ಎಂದು ತಾನೇ ತಿಳಿಯುತ್ತದೆ.

"ಡ್ರೈ ಬ್ರಷ್ ಮಾಡುವ ಮುನ್ನ ಬ್ರಷ್ಷನ್ನು ಸ್ವಲ್ಪ ಒರೆಸಿಕೊಳ್ಳಿ" ಎಂದಿದ್ದೀರಿ. ಡ್ರೈ ಬ್ರಷ್ ಅಂದರೆ ಬಣ್ಣ ಬಹುಪಾಲು ಒರೆಸಿ ತೆಗೆದ ಬ್ರಷ್ಷನ್ನು ಸವರಿ, ಉಬ್ಬಿದ ಕಡೆಗಷ್ಟೇ ಬಣ್ಣ ಹತ್ತಿಸುವುದು. ಈ "ಸ್ವಲ್ಪ" ಎಂಬ ಮಾತು ನಿಮ್ಮ ಪುಟದಲ್ಲಿ ಏಳು ಕಡೆ ಇದೆ, ಏಳು ಕಡೆಯೂ ತೆಗೆಯಿರಿ. ನನಗೆ ಬ್ರಷ್ ಹಿಡಿಯಲು ಕಲಿಸಿದವರು ಅಂಗಡಿ ಬೋರ್ಡ್ ಬರೆಯುವ ಪೇಂಟರ್. ಒರೆಸಿದ ಬ್ರಷ್ಷನ್ನು ಹೆಬ್ಬೆರಳಿನ ಮೇಲೆ ಎಳೆದು ನೋಡಿಸುತ್ತಿದ್ದರು. ಗೆರೆ ಮೂಡಿದರೆ ಮತ್ತೆ ಒರೆಸಬೇಕು. ಚರ್ಮದ ಗೀರುಗಳ ಉಬ್ಬಿಗೆ ಮಾತ್ರ ಬಣ್ಣ ಹತ್ತಿದರೆ ಕೆಲಸಕ್ಕೆ ಕೈ ಹಾಕಬಹುದು. ಡ್ರೈ ಬ್ರಷ್‌ಗೆ ಇದಕ್ಕಿಂತ ಒಳ್ಳೆಯ ಅಳತೆ ನಾನು ಕಂಡಿಲ್ಲ, ನೀವೂ ಅದನ್ನೇ ಬರೆಯಬಹುದು. ಜೊತೆಗೆ ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನ ಮಾತು ಸೇರಿಸಿ. 40 ಡಿಗ್ರಿ ದಾಟಿದ ದಿನ ಅಕ್ರಿಲಿಕ್ ಬಣ್ಣ ಒರೆಸುತ್ತಿರುವಾಗಲೇ ಬ್ರಷ್ಷಿನಲ್ಲಿ ಒಣಗಿ ಹರಳಾಗುತ್ತದೆ. ತಟ್ಟೆಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಕಲಸಬೇಕು. ಸ್ಪ್ರೇ ಕೆಲಸ ಬೆಳಗಿನ ತಂಪಿನಲ್ಲಿ ಮುಗಿಸಬೇಕು. ಇಲ್ಲದಿದ್ದರೆ ಬಣ್ಣ ಗಾಳಿಯಲ್ಲೇ ಒಣಗಿ, ಮರಳು ಕಾಗದದ ಹಾಗೆ ಒರಟಾಗಿ ಕೂರುತ್ತದೆ.

ಈಗ ನನ್ನನ್ನು ಹೆಚ್ಚು ಕೆಣಕಿದ ಸಾಲು: "ವಾಡಿಯ ಯಾರ್ಡ್ ಆದ್ದರಿಂದ ನಿಜವಾದ ಸಿಮೆಂಟನ್ನೇ ಉದುರಿಸಿದರೆ ನೈಜವಾಗಿರುತ್ತದೆ."

ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ಸಿಮೆಂಟ್ ಪುಡಿ ಉಸಿರಿನೊಳಗೆ ಹೋಗಬಾರದ ವಸ್ತು. ತೇವ ತಾಗಿದರೆ ಗಟ್ಟಿಯಾಗುತ್ತದೆ, ಇಂಜಿನ್ನಿನ ಗಿಯರಿಗೆ ಇಳಿದರೆ ಹಲ್ಲು ಸವೆಸುತ್ತದೆ. ಅಳತೆಯೂ ಕೂಡುವುದಿಲ್ಲ. ಅದರಲ್ಲಿನ 90 ಮೈಕ್ರಾನಿನ ಕಣ 1:87ರಲ್ಲಿ 8 ಮಿ.ಮೀ. ಜಲ್ಲಿಕಲ್ಲಾಗುತ್ತದೆ. ಚಾಕ್ ಪೇಸ್ಟಲ್ ಕಡ್ಡಿಯನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿಕೊಳ್ಳಿ, ಐದು ಪಾಲು ತಿಳಿ ಬೂದು ಬಣ್ಣಕ್ಕೆ ಒಂದು ಪಾಲು ಕೆನೆ ಬಣ್ಣ. ಮೆತ್ತನೆ ಬ್ರಷ್ಷಿನಿಂದ ಧೂಳು ಕೂರುವ ಜಾಗಕ್ಕೆ, ಅಂದರೆ ಮುಚ್ಚಳ, ಕ್ಯಾನಿನ ಭುಜ, ಬಕೀಟಿನ ಅಂಚು, ಇವಕ್ಕೆ ಮಾತ್ರ ಉದುರಿಸಿ. ಗೋದಾಮಿನ ತಗಡಿನ ಮೇಲೆ ಪುಡಿ ಸಾಲದು. ಮಳೆ ಬಿದ್ದು ಸಿಮೆಂಟ್ ಧೂಳು ಅಲ್ಲಿ ಹೆಕ್ಕಳಿಕೆ ಕಟ್ಟಿರುತ್ತದೆ. ಅಲ್ಲಿಗೆ ಅದೇ ಪುಡಿಯನ್ನು ಮ್ಯಾಟ್ ಮೀಡಿಯಮ್ಮಿನಲ್ಲಿ (ಒಣಗಿದ ಮೇಲೆ ಹೊಳೆಯದ ಅಕ್ರಿಲಿಕ್ ಅಂಟಿನಲ್ಲಿ) ಕಲಸಿ ಬ್ರಷ್ ತುದಿಯಿಂದ ಚುಚ್ಚಬೇಕು.

ನಲ್ಲಿಯ ಕೆಳಗೂ ಕಿತ್ತಳೆ ಹಚ್ಚಿದ್ದೀರಿ. ವಾಡಿ, ಶಹಾಬಾದ್ ಕಡೆಯದು ಸುಣ್ಣದ ಕಲ್ಲಿನ ನೆಲ, ನೀರು ಗಡಸು. ನಲ್ಲಿ ಸೋರಿದ ಪರಸಿ ಕಲ್ಲಿನ ಮೇಲೆ ಉಳಿಯುವುದು ಬಿಳಿ ಸುಣ್ಣದ ಕಲೆ, ಅದರ ಸುತ್ತ ಒಂದಿಷ್ಟು ಪಾಚಿ. ನೆಲದ ಧೂಳಿನ ಬಣ್ಣವನ್ನೂ ನೋಡಿ ಬರೆಯಿರಿ. ಕಲಬುರಗಿಯ ಎರೆಮಣ್ಣಿನ ಧೂಳು ಒಣಗಿದಾಗ ಬೂದುಗಂದು. ನಿಮ್ಮ ಡ್ರಮ್ಮುಗಳ ಬುಡಕ್ಕಿರುವ ಕೆಂಪು ಬೀದರಿನ ಜಂಬಿಟ್ಟಿಗೆ ನೆಲದ್ದು, ವಾಡಿಯದಲ್ಲ.

ಪುಟದ ಕೊನೆಯ ಸಾಲು: "ವಾರ್ನಿಶ್ ಹೊಡೆದು ನಂತರ ಮಸಿ ಬಿಟ್ಟರೆ ಚೆನ್ನಾಗಿ ಕೂರುತ್ತದೆ." ಸ್ಪ್ರೇ ಡಬ್ಬಿಯ ಲ್ಯಾಕರ್ ಮ್ಯಾಟ್ ವಾರ್ನಿಶ್ ಮೇಲೆ ಆಲ್ಕೊಹಾಲ್ ಬೆರೆಸಿದ ಮಸಿ ಬಿದ್ದರೆ ಬೆಳ್ಳಗೆ ಮಂಜು ಕಟ್ಟುತ್ತದೆ. ನಿಮ್ಮ ನಾಲ್ಕನೇ ಫೋಟೊದ ಹಾಲಿನ ಕ್ಯಾನಿಗೆ ಆಗಿರುವುದು ಅದೇ. ಅದರ ಮೇಲೆ ಇನ್ನೊಂದು ತೆಳು ಕೈ ವಾರ್ನಿಶ್ ಹೊಡೆದರೆ ಸಾಮಾನ್ಯವಾಗಿ ಮಂಜು ಹೋಗುತ್ತದೆ, ಕ್ಯಾನು ಎಸೆಯಬೇಡಿ. ಸರಿಯಾದ ಕ್ರಮ: ಮೂಲ ಬಣ್ಣ, ಸ್ಪಂಜು, ಮಸಿ, ಒಂದು ರಾತ್ರಿ ಒಣಗಲು ಬಿಟ್ಟು ವಾರ್ನಿಶ್, ಎಲ್ಲಕ್ಕೂ ಕೊನೆಗೆ ಪುಡಿ. ಪುಡಿಯ ಮೇಲೆ ವಾರ್ನಿಶ್ ಹೊಡೆದರೆ ಬಹುಪಾಲು ಧೂಳು ಕಾಣದಂತಾಗುತ್ತದೆ. ಕೈ ತಾಗದ ಸಾಮಾನಿಗೆ ಪುಡಿಯನ್ನು ಹಾಗೇ ಬಿಡಬಹುದು. ಮಸಿಯ ಅಳತೆ 100 ಮಿ.ಲೀ. 70 ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲಿಗೆ 2 ಮಿ.ಲೀ. ಇಂಡಿಯನ್ ಇಂಕ್. ಕೆಲವು ಮಸಿ ಆಲ್ಕೊಹಾಲಿನಲ್ಲಿ ಒಡೆದು ಗಂಟುಗಟ್ಟುತ್ತದೆ, ಮೊದಲು ಬಾಟಲಿ ಮುಚ್ಚಳದಲ್ಲಿ ಬೆರೆಸಿ ನೋಡಬೇಕು. ಹಚ್ಚುವಾಗ ತಿಕ್ಕಬಾರದು, ಆಲ್ಕೊಹಾಲ್ ಕೆಳಗಿನ ಅಕ್ರಿಲಿಕ್ ಬಣ್ಣವನ್ನೇ ಎಬ್ಬಿಸುತ್ತದೆ.

ಮೂರನೇ ಪುಟವನ್ನು ಹೊಸದಾಗಿ ಬರೆದು ಕಳಿಸಿ. ಆರು ಡ್ರಮ್ಮುಗಳ ಬದಲು ಒಂದೇ ಡ್ರಮ್ಮಿನ ನಾಲ್ಕು ಹಂತದ ಫೋಟೊ ಇರಲಿ. ಪ್ರತಿಯೊಂದರಲ್ಲೂ ಪಕ್ಕಕ್ಕೆ ಸ್ಕೇಲ್ ಪಟ್ಟಿ ಇಡಿ, ಮಿಲಿಮೀಟರ್ ಗೆರೆಗಳು ಓದಲು ಬರಬೇಕು.