ನಾಯಿಗೆ ಹೆದರುವ ಅತ್ತೆ ಇರುವ ಮನೆಗೆ ಲ್ಯಾಬ್ರಡಾರ್ ಮರಿ ತರಬಹುದಾ?

ನಿಮ್ಮ ಅತ್ತೆಯವರಿಗೆ ನಾಯಿಯ ಗಾತ್ರಕ್ಕಿಂತ ಅದು ಯಾವಾಗ ಮೈಮೇಲೆ ಹಾರುತ್ತದೋ ಅನ್ನುವ ಭಯವೇ ಜಾಸ್ತಿ ಇರಬೇಕು. ಧಾರವಾಡದ ನಮ್ಮ ಮನೆಯಲ್ಲಿ ಅವ್ವನಿಗೂ ಹಾಗೇ ಇತ್ತು, ಸೆರಗು ಬಿಗಿಹಿಡಿದು ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ಹಾಗಾಗಿ ಲ್ಯಾಬ್ರಡಾರ್ ಇರಲಿ, ಆದರೆ ಎರಡು ತಿಂಗಳ ಮರಿ ಬೇಡ. ಮರಿ ಮುದ್ದಾಗಿರುತ್ತದೆ ನಿಜ, ಆದರೆ ಸೀರೆ ಕಚ್ಚಿ ಎಳೆಯುತ್ತದೆ, 25 ಕೆಜಿ ಆದಮೇಲೂ ಹಾರುವ ಚಾಳಿ ಸುಮ್ನೆ ಹೋಗುವುದಿಲ್ಲ. ಎರಡು ಮೂರು ವರ್ಷದ, ಸ್ವಭಾವ ಗೊತ್ತಿರುವ ಶಾಂತ ನಾಯಿ ಹುಡುಕಿ. ಲ್ಯಾಬ್ರಡಾರ್ ಬದಲು ಮುಧೋಳ ನಾಯಿ ತರೋಣ ಅಂದರೆ, ಅದು ಬೇಟೆಯ ಜಾತಿ, ಹೊಸಬರಿಗೆ ಬೇಗ ಹೊಂದಿಕೊಳ್ಳುವುದಿಲ್ಲ, ನಿಮ್ಮ ಮನೆಗೆ ನಾನಂತೂ ಹೇಳುವುದಿಲ್ಲ.

ಮೊದಲು ಅತ್ತೆಯವರನ್ನೇ ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ. ಒಪ್ಪಿದರೆ ಅವರನ್ನೂ ಕರೆದುಕೊಂಡು ಹೋಗಿ ನಾಯಿ ನೋಡಿ, ದೂರದಿಂದಲೇ, ಬೆಲ್ಟ್ ಹಾಕಿ ಹಿಡಿದಿರಬೇಕು, ಮುಟ್ಟಿ ಅಂತ ಜುಲುಮೆ ಮಾಡಬೇಡಿ. ರೇಬೀಸ್ ಲಸಿಕೆಯ ಕಾರ್ಡ್ ನೋಡಿ. ತರುವ ಮೊದಲೇ ಅಡುಗೆಮನೆಗೆ, ಅವರ ಕೋಣೆಗೆ ಸೊಂಟದೆತ್ತರದ ಗೇಟ್ ಹಾಕಿಸಿ, ನಾಯಿ ಅದನ್ನು ದಾಟಲೇಬಾರದು. ಎಂಟು ದಿನ ಇಟ್ಟು ನೋಡುತ್ತೇವೆ, ಹೊಂದದಿದ್ದರೆ ವಾಪಸ್ ಅಂತ ನಾಯಿ ಕೊಡುವವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಅವ್ವ ಗೇಟಿನ ಮೇಲಿಂದ ಮೊದಲ ರೊಟ್ಟಿ ಚೂರು ಹಾಕಿದ್ದು ಮೂರನೇ ತಿಂಗಳಿಗೆ. ನಿಮ್ಮಲ್ಲಿ ಎಷ್ಟು ದಿನ ಹಿಡಿಯುತ್ತದೋ ಹೇಳುವುದು ಕಷ್ಟ, ಅವಸರ ಮಾಡಬೇಡಿ.